ನೀಲಿ ಸವಾರನ ಪುಸ್ತಕ, ದೊಡ್ಡಮ್ಮನ ಗೋಡೆ

ಯಶವಂತಪುರದ ಮಾರ್ಕೆಟ್ಟಿನ ಹಿಂದೆ ಬೋರ್ಡು ಬರೆಯುವ ಅಂಗಡಿಯೊಂದರಲ್ಲಿ ನಾನು ಎಂಟು ವರ್ಷ ದುಡಿದೆ. ಹಗಲೆಲ್ಲ ಮಂಡಿಗಳ ಬೋರ್ಡು, ಲಾರಿಗಳ ನಂಬರ್ ಪ್ಲೇಟು. ಸಂಜೆಯಾದ ಮೇಲೆ ಸಂಘಟನೆಯ ಗೋಡೆಬರಹ. ಅಂಗಡಿಯಲ್ಲಿ ಮಿಕ್ಕ ಬಣ್ಣವನ್ನು ಡಬ್ಬಿಗೆ ಬಸಿದುಕೊಂಡು ಹೋಗಿ ಹೆಬ್ಬಾಳದಿಂದ ಯಲಹಂಕದ ತನಕ ಕೇರಿಗಳ ಗೋಡೆಗಳ ಮೇಲೆ ಬಾಬಾಸಾಹೇಬರನ್ನು ಬರೆದಿದ್ದೇನೆ. ಎಷ್ಟು ಅಂತ ಲೆಕ್ಕವಿಲ್ಲ. ಕೋಟಿಗೆ ನೀಲಿ ಸಾಲದೆ ಬಂದರೆ ಒಂದು ತೋಳು ಮರುದಿನಕ್ಕೆ. ಬೋರ್ಡಿನ ಬಲಮೂಲೆಯಲ್ಲಿ ಅಂಗಡಿಯ ಹೆಸರನ್ನು ಸಣ್ಣದಾಗಿ ಹಾಕಲೇಬೇಕು, ಅದು ಮಾಲೀಕರ ಕಟ್ಟಪ್ಪಣೆ. ಬಾಬಾಸಾಹೇಬರ ಕೆಳಗೆ ಮಾತ್ರ ನಾವು ಯಾರೂ ಹೆಸರು ಹಾಕುತ್ತಿರಲಿಲ್ಲ. ಹಾಕಬಹುದು ಅಂತ ಹೊಳೆದೂ ಇರಲಿಲ್ಲ.

ದಲಿತ ವಿಮರ್ಶೆಯ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಗೆಳೆಯರು ಕೇಳಿದಾಗ ನನಗೆ ನೆನಪಾದದ್ದು ಕಥೆ ಕವಿತೆಗಳಲ್ಲ, ಒಂದು ಚಿತ್ರಪುಸ್ತಕ. ಮಾತಿನ ಬಗ್ಗೆ ನಾವು ಬೇಕಾದಷ್ಟು ಜಗಳ ಆಡಿದ್ದೇವೆ. 1973ರ ನವೆಂಬರಿನಲ್ಲಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಬೂಸಾ ಎಂದದ್ದರಿಂದಲೇ ಆ ಜಗಳ ಬೀದಿಗೆ ಬಂತು. ಮುಂದೆ ಅವರು ನಮ್ಮ ಯಲಹಂಕ ಮೀಸಲು ಕ್ಷೇತ್ರದ ಶಾಸಕರಾಗಿದ್ದರು. ಅವರ ಚುನಾವಣೆಗೂ ನಾನು ಗೋಡೆ ಬರೆದಿದ್ದೇನೆ. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ಯಾರ ಭಾಷೆ, ಯಾರ ಅನುಭವ, ಯಾರು ಯಾರ ಪರವಾಗಿ ಬರೆಯಬಹುದು, ಎಲ್ಲವನ್ನೂ ಜಾಲಾಡಿದೆವು. ಆದರೆ ಗೆರೆ ಯಾರದು, ಬಣ್ಣ ಯಾರದು ಎಂದು ಕೇಳಿದವರು ಕಡಿಮೆ. ನಮ್ಮ ಪತ್ರಿಕೆಗಳ ರಕ್ಷಾಪುಟಗಳನ್ನೇ ನೋಡಿ. ಒಳಗೆ ಅಷ್ಟು ಬೆಂಕಿ, ಹೊರಗೆ ಮಾತ್ರ ಯಾರೋ ಯಾವುದೋ ಪುಸ್ತಕದಿಂದ ಎತ್ತಿ ಹಾಕಿದ ಒಂದು ಗೊಂಬೆ.

ಆ ಪುಸ್ತಕ ನನಗೆ ಸಿಕ್ಕಿದ್ದು ಮ್ಯಾಕ್ಸ್ ಮುಲ್ಲರ್ ಭವನದ ಲೈಬ್ರರಿಯಲ್ಲಿ. ಒಬ್ಬ ಗೆಳೆಯ ಕರೆದುಕೊಂಡು ಹೋಗಿದ್ದ. ಹೆಸರಿನಲ್ಲಿ ನೀಲಿ ಇತ್ತು ಅಂತ ಎತ್ತಿಕೊಂಡೆ, ಅಷ್ಟೇ. ‘ಡೆರ್ ಬ್ಲಾವೆ ರೈಟರ್’, ಅಂದರೆ ನೀಲಿ ಸವಾರ. ಜರ್ಮನಿಯ ಮ್ಯೂನಿಕ್‌ನಲ್ಲಿ 1912ರ ಮೇ ತಿಂಗಳಲ್ಲಿ ಪ್ರಕಟವಾದ ಪುಸ್ತಕ. ನನ್ನ ಕೈಗೆ ಬಂದದ್ದು 1974ರ ಇಂಗ್ಲಿಷ್ ಅನುವಾದ. ಇಂಗ್ಲಿಷು ಆಗ ನನಗೆ ಅರ್ಧಂಬರ್ಧ. ಹಾಗಾಗಿ ಮೊದಲು ಚಿತ್ರಗಳನ್ನು ನೋಡಿದೆ, ಬಹಳ ಕಾಲ ಚಿತ್ರಗಳನ್ನಷ್ಟೇ ನೋಡಿದೆ. ಈಗ ಯೋಚಿಸಿದರೆ ಅದು ಒಳ್ಳೆಯದೇ ಆಯಿತು.

ಕತೆ ಇಷ್ಟು. ಮ್ಯೂನಿಕ್‌ನಲ್ಲಿ 1909ರಲ್ಲಿ ಹೊಸ ಕಲಾವಿದರ ಸಂಘವೊಂದು ಹುಟ್ಟಿತು. ರಷ್ಯಾದಿಂದ ಬಂದು ನೆಲೆಸಿದ್ದ ವಾಸ್ಸಿಲಿ ಕ್ಯಾಂಡಿನ್ಸ್ಕಿ ಅದರ ಅಧ್ಯಕ್ಷ. ಹೊಸಬರ ಸಂಘ ಎರಡೇ ವರ್ಷಕ್ಕೆ ಹಳೆಯದಾಯಿತು, ಎಲ್ಲ ಸಂಘಗಳ ಹಾಗೆ. 1911ರ ಡಿಸೆಂಬರಿನಲ್ಲಿ ಪ್ರದರ್ಶನಕ್ಕೆ ಕ್ಯಾಂಡಿನ್ಸ್ಕಿ ಕೊಟ್ಟ ದೊಡ್ಡ ಚಿತ್ರವನ್ನು ಆಯ್ಕೆಯವರು ತಿರಸ್ಕರಿಸಿದರು. ಅಳತೆ ಮೀರಿದೆ ಎಂಬುದು ನೆಪ. ಚಿತ್ರದಲ್ಲಿ ಗುರುತು ಹಿಡಿಯುವಂಥ ವಸ್ತುವೇ ಇಲ್ಲ ಎಂಬುದು ಒಳಗಿನ ಸಿಟ್ಟು. ಕ್ಯಾಂಡಿನ್ಸ್ಕಿ, ಅವನ ಗೆಳೆಯ ಫ್ರಾಂಝ್ ಮಾರ್ಕ್, ಗಾಬ್ರಿಯೆಲೆ ಮ್ಯುಂಟರ್ ಎದ್ದು ಹೊರಗೆ ಬಂದರು. ಅದೇ ತಿಂಗಳ 18ಕ್ಕೆ ಥಾನ್‌ಹೌಸರ್ ಗ್ಯಾಲರಿಯಲ್ಲಿ, ಸಂಘದ ಪ್ರದರ್ಶನದ ಪಕ್ಕದ ಕೋಣೆಗಳಲ್ಲೇ, ತಮ್ಮದೊಂದು ಪ್ರದರ್ಶನ ತೆರೆದರು. ಇವರಿಗೆ ಸಂಘವೂ ಇಲ್ಲ, ಸದಸ್ಯತ್ವವೂ ಇಲ್ಲ. ಇದ್ದದ್ದು ಒಂದು ಸಂಪಾದಕ ಮಂಡಳಿ. ಪುಸ್ತಕದ ಕೆಲಸ ಆ ಬೇಸಿಗೆಯಿಂದಲೇ ನಡೆದಿತ್ತು. ಒಂದು ಚಳವಳಿ ಪತ್ರಿಕೆಯನ್ನು ಹುಟ್ಟಿಸುವುದನ್ನು ನಾವು ನೋಡಿದ್ದೇವೆ; ಇಲ್ಲಿ ಪುಸ್ತಕವೇ ಮೊದಲು, ಚಳವಳಿ ಅದರ ಬೆನ್ನ ಹಿಂದೆ.

ಹೆಸರು ಹೇಗೆ ಬಂತು ಎಂಬುದನ್ನು ಕ್ಯಾಂಡಿನ್ಸ್ಕಿ 1930ರಲ್ಲಿ ಬರೆದಿದ್ದಾನೆ. ಮಾರ್ಕ್‌ನ ಹಳ್ಳಿ ಮನೆಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದರಂತೆ. ಇಬ್ಬರಿಗೂ ನೀಲಿ ಇಷ್ಟ, ಮಾರ್ಕ್‌ಗೆ ಕುದುರೆ, ಇವನಿಗೆ ಸವಾರ. ನಾನು ಈ ನೀಲಿಯನ್ನು ಬಾಬಾಸಾಹೇಬರ ನೀಲಿಗೆ ಗಂಟು ಹಾಕಿ ಭಾಷಣ ಮಾಡಿದ್ದೂ ಉಂಟು, ಹುಡುಗುಬುದ್ಧಿಯಲ್ಲಿ. ಹಾಗೆ ಗಂಟು ಹಾಕಲು ಅಲ್ಲೇನೂ ಇಲ್ಲ.

ರೈನ್‌ಹಾರ್ಡ್ ಪೀಪರ್ ಎಂಬ ಪ್ರಕಾಶಕ ಅಚ್ಚು ಹಾಕಿಸಿದ. ಹಣಕ್ಕೆ ಬೆನ್ನಿಗೆ ನಿಂತವನು ಬರ್ನ್‌ಹಾರ್ಡ್ ಕ್ಯೋಲರ್ ಎಂಬ ಬರ್ಲಿನ್ನಿನ ಉದ್ಯಮಿ. ಮೊದಲ ಮುದ್ರಣ 1,200 ಪ್ರತಿ, 1914ರಲ್ಲಿ ಎರಡನೆಯದು. 140ಕ್ಕೂ ಹೆಚ್ಚು ಚಿತ್ರಗಳು. ಹತ್ತಿಪ್ಪತ್ತು ಪುಟಕ್ಕೊಂದು ಲೇಖನ, ಶೋನ್‌ಬರ್ಗ್ ಮತ್ತು ಅವನ ಶಿಷ್ಯರ ಸಂಗೀತದ ಸ್ವರಲಿಪಿ, ಕ್ಯಾಂಡಿನ್ಸ್ಕಿಯದೇ ಒಂದು ರಂಗಕೃತಿ. ಬರೆದವರೆಲ್ಲ ಗಂಡಸರು. ಮ್ಯುಂಟರ್ ಈ ಪುಸ್ತಕಕ್ಕೆ ಎಷ್ಟೋ ದುಡಿದಳು. ಅವಳ ಚಿತ್ರ ಒಳಗಿದೆ, ಲೇಖನವಿಲ್ಲ. ಇದನ್ನು ಇಲ್ಲಿಗೇ ಬಿಡುತ್ತೇನೆ, ಯಾಕೆಂದರೆ ನಮ್ಮ ಪತ್ರಿಕೆಗಳ ಸಂಪಾದಕ ಮಂಡಳಿಗಳ ಪಟ್ಟಿಯನ್ನು ತೆಗೆದು ನೋಡಿದರೆ ನಾವೂ ತಲೆ ಎತ್ತುವಂತಿಲ್ಲ.

ಚಿತ್ರಗಳಿಗೆ ಬರೋಣ. ಒಂದು ಪುಟದಲ್ಲಿ ಪಿಕಾಸೊ, ಸೆಜಾನ್, ಡಾಕ್ಟರ್ ಗಾಶೆಯನ್ನು ಬರೆದ ವ್ಯಾನ್‌ಗೋ. ಹಾಳೆ ಮಗುಚಿದರೆ ಬವೇರಿಯಾದ ರೈತರ ಮನೆಗಳಲ್ಲಿ ಗಾಜಿನ ಹಿಂಬದಿಗೆ ಬಣ್ಣ ಹಚ್ಚಿ ಬರೆದ ದೇವರ ಪಟ. ಮುರ್ನೌ ಊರಿನ ಚರ್ಚಿನಲ್ಲಿ ಹರಕೆಗೆ ತೂಗುಹಾಕಿದ ಹಲಗೆ. ರಷ್ಯಾದ ಸಂತೆಯಲ್ಲಿ ಕಾಸಿಗೆ ಮಾರುತ್ತಿದ್ದ ಮರದಚ್ಚಿನ ಚಿತ್ರ. ಮಕ್ಕಳು ಗೀಚಿದ್ದು. ಸುಂಕದ ಕಟ್ಟೆಯ ನೌಕರನಾಗಿದ್ದು ಭಾನುವಾರ ಚಿತ್ರ ಬರೆಯುತ್ತಿದ್ದ ಆಂರಿ ರೂಸೊ. ಈಸ್ಟರ್ ದ್ವೀಪ, ಬ್ರೆಜಿಲ್, ಮೆಕ್ಸಿಕೊ, ಕ್ಯಾಮರೂನ್, ಬೆನಿನ್. ಯಾವುದಕ್ಕೂ ಬೇರೆ ಪಂಕ್ತಿ ಇಲ್ಲ. ಇದು ಕಲೆ, ಇದು ಕಸುಬು, ಇದು ಕಾಡುಜನರದು ಅಂತ ಅಧ್ಯಾಯ ಬೇರೆ ಮಾಡಿಲ್ಲ. 1911ರ ಜೂನ್‌ನಲ್ಲೇ ಮಾರ್ಕ್‌ಗೆ ಕಾಗದ ಬರೆದಾಗ ಕ್ಯಾಂಡಿನ್ಸ್ಕಿಯ ತಲೆಯಲ್ಲಿ ಇದಿತ್ತು: ಚೀನಾದ ಚಿತ್ರದ ಪಕ್ಕ ರೂಸೊ, ಸಂತೆಯ ಪಟದ ಪಕ್ಕ ಪಿಕಾಸೊ. ರೂಪದ ಬಗ್ಗೆ ಬರೆದ ದೀರ್ಘ ಲೇಖನದಲ್ಲೂ ಅವನ ಮಾತು ಅದೇ. ಒಳಗಿನ ಒತ್ತಡದಿಂದ ಹುಟ್ಟಿದ್ದಾದರೆ ಯಾವ ರೂಪವೂ ಮೇಲಲ್ಲ, ಯಾವುದೂ ಕೀಳಲ್ಲ.

ಇದನ್ನು ಓದಿದಾಗ ನನಗಾದದ್ದನ್ನು ಹೇಗೆ ಹೇಳಲಿ? ನಮ್ಮಲ್ಲಿ ಕಲೆಯ ಪುಸ್ತಕಗಳಿಗೆ ಊರಿನದೇ ನಕ್ಷೆ. ನಡುವೆ ದೇವಸ್ಥಾನದ ಶಿಲ್ಪ, ಅದರ ಸುತ್ತ ಅರಮನೆಯ ಚಿತ್ರ, ಹೊರಗೆ ಜಾನಪದ, ಅದಕ್ಕೂ ಆಚೆ ಕೇರಿ. ಕೇರಿಯ ಕೈಕೆಲಸಕ್ಕೆ ಎಷ್ಟೋ ಪುಸ್ತಕಗಳಲ್ಲಿ ಪುಟವೇ ಇಲ್ಲ. ಈ ಪುಸ್ತಕದಲ್ಲಿ ಒಂದೇ ಪಂಕ್ತಿಯಲ್ಲಿ ಎಲ್ಲರನ್ನೂ ಕೂರಿಸಿದ್ದಾರೆ. ಸಹಪಂಕ್ತಿ ಭೋಜನ ಎಂಬ ಪದಕ್ಕೆ ನಾನು ಕಂಡ ಮೊದಲ ಚಿತ್ರ ಇದು. ಅಂಗಡಿಯಲ್ಲಿ ಎರಡು ತಿಂಗಳು ಇದೇ ಮಾತು. ಜೊತೆಯವರು ನನಗೆ ‘ಜರ್ಮನ್’ ಅಂತಲೇ ಹೆಸರಿಟ್ಟರು.

ಅದರಲ್ಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಈಜಿಪ್ಟಿನ ನೆರಳಾಟದ ಗೊಂಬೆಗಳು. ಪಾಲ್ ಕಾಲೆ ಎಂಬ ಜರ್ಮನ್ ವಿದ್ವಾಂಸ ಆ ಕಾಲದಲ್ಲಿ ಈಜಿಪ್ಟಿನಲ್ಲಿ ಸಂಗ್ರಹಿಸಿದ ಹಳೆಯ ಗೊಂಬೆಗಳವು. ತೊಗಲಿನವು. ತೂತು ಕೊರೆದು, ಗೆರೆಗಳ ನಡುವೆ ಬೆಳಕು ಹಾಯುವಂತೆ ಕತ್ತರಿಸಿದ್ದು. ಪುಟವನ್ನು ಗೆಳೆಯನಿಗೆ ತೋರಿಸಿ, ಇವು ನಮ್ಮ ಕಿಳ್ಳೇಕ್ಯಾತರ ಗೊಂಬೆಗಳ ದಾಯಾದಿಗಳಲ್ಲವಾ ಎಂದೆ. ಎಂ.ಎಸ್. ನಂಜುಂಡರಾವ್ ಅವರು ಊರೂರು ತಿರುಗಿ ಚಿತ್ರಕಲಾ ಪರಿಷತ್ತಿಗೆ ತಂದ ತೊಗಲುಗೊಂಬೆಗಳನ್ನು ನಾನು ನೋಡಿದ್ದೆ. ತೊಗಲು ಅಂದರೆ ನನಗೆ ಮೊದಲು ಬರುವುದು ವಾಸನೆ. ನೆನೆಹಾಕಿದ್ದು, ಕೂದಲು ಕೆರೆದದ್ದು, ಬಿಸಿಲಿಗೆ ಗೂಟ ಹೊಡೆದು ಬಿಗಿದದ್ದು. ಕೇರಿಯಲ್ಲಿ ತಮಟೆಗೆ ತೊಗಲು ಬಿಗಿಯುವಾಗ ನಾವು ಮಕ್ಕಳು ಸುತ್ತ ಕೂತಿರುತ್ತಿದ್ದೆವು. ಈ ದೇಶದಲ್ಲಿ ಆ ಕೆಲಸಕ್ಕೆ ಜಾತಿ ಇದೆ, ಆ ವಾಸನೆಗೂ ಜಾತಿ ಇದೆ. ಮ್ಯೂನಿಕ್‌ನ ಮೃದುವಾದ ಕಾಗದದ ಮೇಲೆ ಮಾತ್ರ ವಾಸನೆ ಇರಲಿಲ್ಲ, ಗೆರೆಯೊಂದೇ ಉಳಿದಿತ್ತು.

ಎರಡನೇ ಸಲ ಪುಸ್ತಕ ತಂದಾಗ ಚಿತ್ರಗಳ ಕೆಳಗಿನ ಸಣ್ಣಕ್ಷರ ಓದಿದೆ. ಬೋರ್ಡು ಬರೆಯುವವನಿಗೆ ಸಣ್ಣಕ್ಷರದ ಚಟ ಇರುತ್ತದೆ. ಪಿಕಾಸೊ, ಮಾತೀಸ್, ಮಾರ್ಕ್, ಮ್ಯುಂಟರ್. ಆಮೇಲೆ: ಬವೇರಿಯಾ. ರಷ್ಯಾ. ಈಜಿಪ್ಟ್. ಕ್ಯಾಮರೂನ್. ಒಬ್ಬರಿಗೆ ಹೆಸರು, ಇನ್ನೊಬ್ಬರಿಗೆ ಊರು. ಪಂಕ್ತಿ ಒಂದೇ, ಆದರೆ ಎಲೆಯ ಮುಂದೆ ಕೂತವರಲ್ಲಿ ಅರ್ಧ ಜನಕ್ಕೆ ಮುಖ ಇಲ್ಲ.

ಹಳೆಯದಕ್ಕೆ ಹೆಸರು ಎಲ್ಲಿಂದ ತರೋದು, ಗೋಥಿಕ್ ಶಿಲ್ಪಕ್ಕೂ ಹೆಸರಿಲ್ಲವಲ್ಲ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಎಲ್ಲವೂ ಹಳೆಯದಲ್ಲ. ಮುರ್ನೌ ಊರಿನಲ್ಲಿ ಹೈನ್‌ರಿಶ್ ರಾಂಬೋಲ್ಡ್ ಎಂಬ ಗಾಜಿನ ಚಿತ್ರಗಾರ ಬದುಕಿದ್ದ. ಮ್ಯುಂಟರ್ ಅವನ ಬಳಿ ಹೋಗಿ ಆ ಕೆಲಸ ಕಲಿತಳು, ಅವಳಿಂದ ಉಳಿದವರಿಗೂ ಆ ಗೀಳು ಹತ್ತಿತು. ಅಂದರೆ ಗಾಜಿನ ಮೇಲೆ ಬರೆಯುವವನಿಗೆ ಹೆಸರಿತ್ತು, ಮನೆಯಿತ್ತು, ಬಾಗಿಲು ತಟ್ಟಿದರೆ ತೆಗೆಯುತ್ತಿದ್ದ. ಹೊಸ ಕಲೆಯ ಚರಿತ್ರೆಯೊಳಗೆ ಮಾತ್ರ ಅವನ ಕಸುಬು ‘ಬವೇರಿಯಾ’ ಆಯಿತು.

ಕ್ಯಾಮರೂನಿನದಂತೂ ಇನ್ನೂ ಕಷ್ಟದ ಕತೆ. ಆ ಪುಸ್ತಕದಲ್ಲಿ ಆಗಸ್ಟ್ ಮಾಕೆ ಎಂಬ 25 ವರ್ಷದ ಹುಡುಗ ಮುಖವಾಡಗಳ ಬಗ್ಗೆ ಒಂದು ಲೇಖನ ಬರೆದಿದ್ದಾನೆ. ಬಹಳ ಪ್ರೀತಿಯಿಂದ ಬರೆದದ್ದು. ಬೆನಿನ್ನಿನ ಕಂಚನ್ನೂ ಯುರೋಪಿನ ಗೋಡೆಗೆ ತೂಗುಹಾಕುವ ಚಿತ್ರವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಆದರೆ ಬೆನಿನ್ನಿನ ಕಂಚು ಯುರೋಪಿಗೆ ಬಂದದ್ದು ಹೇಗೆ? 1897ರಲ್ಲಿ ಬ್ರಿಟಿಷ್ ಸೈನ್ಯ ಆ ನಗರವನ್ನು ಸುಟ್ಟು ಲೂಟಿ ಮಾಡಿದ್ದರಿಂದ. ಕ್ಯಾಮರೂನ್ 1884ರಿಂದ ಜರ್ಮನಿಯ ವಸಾಹತು. ಪುಸ್ತಕದಲ್ಲಿರುವ ಕೆತ್ತನೆಯ ಮರದ ಕಂಬವನ್ನು ಮ್ಯೂನಿಕ್‌ನ ಮ್ಯೂಸಿಯಂಗೆ 1893ರಲ್ಲಿ ಕೊಟ್ಟವನು ಮಾಕ್ಸ್ ಫಾನ್ ಷ್ಟೆಟನ್ ಎಂಬ ಸೇನಾಧಿಕಾರಿ, ಅಲ್ಲಿನ ವಸಾಹತು ಪಡೆಯನ್ನು ನಡೆಸಿದವನು. ಆ ಕಂಬ ಇಂದಿಗೂ ಮ್ಯೂನಿಕ್‌ನಲ್ಲಿದೆ. ಇತ್ತೀಚಿನ ವರ್ಷಗಳಲ್ಲಿ ಆ ಮ್ಯೂಸಿಯಂನವರೇ ಕ್ಯಾಮರೂನಿನ ವಿದ್ವಾಂಸರ ಜೊತೆ ಸೇರಿ ಅದರ ಮೂಲ ಹುಡುಕುವ ಕೆಲಸ ಮಾಡಿದ್ದಾರೆ. ಆ ಕಂಬವನ್ನು ಅಲ್ಲಿ ಏನೆಂದು ಕರೆಯುತ್ತಾರೆ ಗೊತ್ತಾ? ‘ನೀಲಿ ಸವಾರ ಕಂಬ’ ಅಂತ. ಕೆತ್ತಿದವನ ಹೆಸರೂ ಅಲ್ಲ, ಅವನ ಜನದ ಹೆಸರೂ ಅಲ್ಲ, ಅದರ ಫೋಟೋವನ್ನು ಪುಸ್ತಕದಲ್ಲಿ ಅಚ್ಚು ಹಾಕಿದವರ ಹೆಸರು.

ಈ ಚಿತ್ರಕಾರರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಮಾಕೆ 1914ರ ಸೆಪ್ಟೆಂಬರಿನಲ್ಲಿ, ಮಾರ್ಕ್ 1916ರ ಮಾರ್ಚಿನಲ್ಲಿ ಯುದ್ಧದಲ್ಲಿ ಸತ್ತರು. ಮಾರ್ಕ್‌ನ ‘ನೀಲಿ ಕುದುರೆಗಳ ಗೋಪುರ’ವನ್ನು 1937ರಲ್ಲಿ ನಾಜಿಗಳು ಭ್ರಷ್ಟ ಕಲೆಯೆಂದು ಪ್ರದರ್ಶನಕ್ಕಿಟ್ಟರು; ಆಮೇಲೆ ಅದು ಕಾಣೆಯಾಯಿತು. ಮ್ಯುಂಟರ್ ಮುರ್ನೌ ಮನೆಯ ನೆಲಮಾಳಿಗೆಯಲ್ಲಿ ಚಿತ್ರಗಳನ್ನು ಬಚ್ಚಿಟ್ಟು ಉಳಿಸಿದಳು, 1957ರಲ್ಲಿ ಮ್ಯೂನಿಕ್ ನಗರಕ್ಕೆ ಕೊಟ್ಟಳು. ಅವರ ಕಷ್ಟ ಅವರದು. ನನ್ನ ತಕರಾರು ಬೇರೆ. ರೂಪಕ್ಕೆ ಸಮಾನತೆ ಕೊಡುವುದು ಸುಲಭ, ರೂಪ ಮಾಡಿದವನಿಗೆ ಕೊಡುವುದು ಅಷ್ಟು ಸುಲಭವಲ್ಲ.

ಇಲ್ಲೊಂದು ವಿಷಯ ಸೇರಿಸಬೇಕು, ನಮ್ಮವರು ಇದನ್ನು ಹೇಳಿದ್ದನ್ನು ನಾನು ಕೇಳಿಲ್ಲ. ಕ್ಯಾಂಡಿನ್ಸ್ಕಿಗೆ ಥಿಯಾಸಫಿಯ ಹುಚ್ಚಿತ್ತು. ಕಲೆಯಲ್ಲಿ ಆಧ್ಯಾತ್ಮಿಕತೆಯ ಬಗ್ಗೆ ಬರೆದ ಪುಸ್ತಕದಲ್ಲಿ ಆ ಸೊಸೈಟಿಯನ್ನು ಹೊಗಳಿದ್ದಾನೆ. ಭಾವನೆಗಳಿಗೆ ಬಣ್ಣವಿದೆ, ಆಕಾರವಿದೆ ಎನ್ನುವ ಅನಿಬೆಸೆಂಟ್ ಮತ್ತು ಲೆಡ್‌ಬೀಟರ್ ಅವರ ‘ಥಾಟ್ ಫಾರ್ಮ್ಸ್’ ಅವನ ಮೇಲೆ ಪ್ರಭಾವ ಬೀರಿತು ಎಂಬುದು ಕಲಾ ಇತಿಹಾಸಕಾರರ ಅಭಿಪ್ರಾಯ. ಅದೇ ಬೆಸೆಂಟಮ್ಮ 1909ರಲ್ಲಿ ಅಸ್ಪೃಶ್ಯರ ಉದ್ಧಾರದ ಬಗ್ಗೆ ಒಂದು ಲೇಖನ ಬರೆದರು. ಕೇರಿಯ ಮಕ್ಕಳನ್ನು ಮೇಲ್ಜಾತಿ ಮಕ್ಕಳ ಜೊತೆ ಒಂದೇ ಶಾಲೆಯಲ್ಲಿ ಕೂರಿಸಬಾರದು, ಅವರ ಮೈ ತಲೆಮಾರುಗಳಿಂದ ತಿಂದ ಕುಡಿದದ್ದರಿಂದ ನಾರುತ್ತದೆ ಎಂಬುದು ಅದರ ಸಾರ. ಬಾಬಾಸಾಹೇಬರು ಕಾಂಗ್ರೆಸ್ಸು ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು ಎಂದು ಕೇಳುವ 1945ರ ಗ್ರಂಥದಲ್ಲಿ ಆ ಲೇಖನವನ್ನು ಉದ್ದಕ್ಕೂ ಎತ್ತಿ ಕೊಟ್ಟಿದ್ದಾರೆ. ಅದೇ ಸೊಸೈಟಿಯ ಆಲ್ಕಾಟ್ 1894ರಲ್ಲಿ ಮದರಾಸಿನ ಅಡ್ಯಾರಿನಲ್ಲಿ ಪಂಚಮರ ಮಕ್ಕಳಿಗೆ ಶಾಲೆ ತೆರೆದಿದ್ದ ಎಂಬುದನ್ನೂ ಹೇಳಬೇಕು. ಆದರೂ ನನಗೆ ಮರೆಯಲಾಗದ್ದು ಇದು: ಕೋಪದ ಬಣ್ಣ, ಭಕ್ತಿಯ ಬಣ್ಣ ಕಾಣುತ್ತಿದ್ದ ಕಣ್ಣಿನವರಿಗೆ ನಮ್ಮ ಮಕ್ಕಳು ಮೂಗಿಗೆ ಮಾತ್ರ ಬಿದ್ದರು.

1922ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಕ್ಯಾಂಡಿನ್ಸ್ಕಿ, ಕ್ಲೀ ಮೊದಲಾದವರ ಕೃತಿಗಳ ಪ್ರದರ್ಶನ ನಡೆಯಿತು. ಅದರ ಕತೆ ಎಲ್ಲರೂ ಬರೆದಿದ್ದಾರೆ. ಕನ್ನಡದವನಾಗಿ ನನಗೆ ಅದಕ್ಕಿಂತ ಹತ್ತು ವರ್ಷ ಹಿಂದಿನದು ಮುಖ್ಯ. ನೀಲಿ ಸವಾರ ಬಂದ ಮರುವರ್ಷ, 1913ರಲ್ಲಿ, ಲಂಡನ್ನಿನಲ್ಲಿ ಇನ್ನೊಂದು ಚಿತ್ರಪುಸ್ತಕ ಬಂತು: ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಬರೆದ, ಹಿಂದೂ ಮತ್ತು ಬೌದ್ಧ ಪುರಾಣಗಳ ಪುಸ್ತಕ. ಅವನೀಂದ್ರನಾಥ ಠಾಕೂರರ ಮೇಲ್ವಿಚಾರಣೆಯಲ್ಲಿ 32 ಬಣ್ಣದ ಚಿತ್ರಗಳು. ಬಂಗಾಳದ ಹೊಸ ಕಲಾಚಳವಳಿಯನ್ನು ಹೊರಗಿನವರಿಗೆ ಕಾಣಿಸಿದ ಪುಸ್ತಕಗಳಲ್ಲಿ ಅದೂ ಒಂದು. ಅದರ ರಾಮಾಯಣದ ಚಿತ್ರಗಳಲ್ಲಿ ನಮ್ಮ ಕೆ. ವೆಂಕಟಪ್ಪನವರ ಕೈ ಇದೆ. ಮೈಸೂರು ಅರಮನೆಗೆ ಚಿತ್ರ ಬರೆಯುತ್ತಿದ್ದ ಚಿತ್ರಗಾರ ಮನೆತನದ ಹುಡುಗ. 1909ರಲ್ಲಿ ನಾಲ್ವಡಿಯವರು ಅವರನ್ನು ಕಲ್ಕತ್ತೆಗೆ ಕಳಿಸಿದ್ದರು. ಅದೇ ಪುಸ್ತಕದಲ್ಲಿ ಏಕಲವ್ಯನ ಚಿತ್ರ ಬರೆದವರು ನಂದಲಾಲ್ ಬೋಸ್. ಶಂಬೂಕನ ಚಿತ್ರ ಇಲ್ಲ. ಅವನಿಗೆ 1944ರಲ್ಲಿ ಕುವೆಂಪು ‘ಶೂದ್ರ ತಪಸ್ವಿ’ ಬರೆಯುವ ತನಕ ಕಾಯಬೇಕಾಯಿತು.

ಆ ಪುಸ್ತಕದಲ್ಲಿ ಪ್ರತಿ ಚಿತ್ರಕ್ಕೂ ಬರೆದವರ ಹೆಸರು ಕೊಟ್ಟಿದ್ದಾರೆ. ವೆಂಕಟಪ್ಪನವರ ಅಪ್ಪ, ಅಜ್ಜ ಬರೆದದ್ದು ಅರಮನೆಯ ಗೋಡೆಗೆ ಸೇರಿತು. ಮಗ ಬರೆದದ್ದು ಮಗನ ಹೆಸರಿನಲ್ಲೇ ಉಳಿಯಿತು. ಆದರೆ ಆ ಹೆಸರು ಬರುವುದಕ್ಕೆ ಅವರು ಚಿತ್ರಗಾರ ಎಂಬುದನ್ನು ಬಿಟ್ಟು ಕಲಾವಿದ ಆಗಬೇಕಾಯಿತು. ಆ ಬಿಡುವಿಕೆ ಅವರನ್ನು ಕೊನೆತನಕ ಕಾಡಿತು ಅಂತ ನನಗನ್ನಿಸುತ್ತದೆ. 1940ರಲ್ಲಿ ನಾಲ್ವಡಿಯವರು ತೀರಿಕೊಂಡ ಮೇಲೆ ಅರಮನೆಗೆ ಮಾಡಿಕೊಟ್ಟ ಉಬ್ಬುಶಿಲ್ಪಗಳ ಸಂಭಾವನೆಗಾಗಿ ಸರ್ಕಾರದ ವಿರುದ್ಧ ಕೋರ್ಟು ಹತ್ತಿದರು. ಮಲ್ಲೇಶ್ವರದ ಮನೆಯಲ್ಲಿ ವೀಣೆ ಮತ್ತು ಕುಂಚದ ಜೊತೆ ಒಬ್ಬರೇ ಇದ್ದು 1965ರಲ್ಲಿ ತೀರಿಕೊಂಡರು. ಮಲ್ಲೇಶ್ವರ ಯಶವಂತಪುರದ ನಮ್ಮ ಅಂಗಡಿಯಿಂದ ನಡೆದು ಹೋಗುವಷ್ಟು ದೂರ. ಎಂಟು ವರ್ಷದಲ್ಲಿ ನಮ್ಮಲ್ಲಿ ಒಬ್ಬರೂ ಅವರ ಹೆಸರೆತ್ತಿದ್ದನ್ನು ನಾನು ಕೇಳಲಿಲ್ಲ. ಕಸುಬಿನಲ್ಲಿ ನಮಗೆ ದೊಡ್ಡಪ್ಪನ ಸಮಾನರಾದವರು!

ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಕೆಲಸಕ್ಕೆ ಅಗೆಯುವಾಗ ಸಿಕ್ಕ ವೀರಗಲ್ಲನ್ನೂ ಇದರ ಜೊತೆ ಇಟ್ಟು ನೋಡಬೇಕು. ಸುಮಾರು 750ನೇ ಇಸವಿಯದು, ಗಂಗರ ಶ್ರೀಪುರುಷನ ಕಾಲದ್ದು. ಕಿತ್ತಯ್ಯ ಎಂಬವನು ಊರನ್ನು ಕಾಯಲು ಹೋರಾಡಿ ಸತ್ತನಂತೆ. ಸುಮಾರು 1,270 ವರ್ಷ ಮಣ್ಣಿನಲ್ಲಿದ್ದರೂ ಕಿತ್ತಯ್ಯನ ಹೆಸರು ಅಳಿಯಲಿಲ್ಲ, ಯಾಕೆಂದರೆ ಯಾರೋ ಕಲ್ಲಿನಲ್ಲಿ ಕಡೆದರು. ಆ ‘ಯಾರೋ’ ನನ್ನ ಕಸುಬಿನವನು.

ಇಷ್ಟೆಲ್ಲ ಮ್ಯೂನಿಕ್‌ನವರ ತಪ್ಪು ಎತ್ತಿ ಆಡಿದೆನಲ್ಲ, ಈಗ ನನ್ನದನ್ನು ಹೇಳುತ್ತೇನೆ.

1986ರಲ್ಲಿ ಗೆಳೆಯರ ಒಂದು ಸಣ್ಣ ಪತ್ರಿಕೆಗೆ ರಕ್ಷಾಪುಟ ಮಾಡಿಕೊಡು ಎಂದರು. ಯಲಹಂಕದ ಹತ್ತಿರ ನಮ್ಮ ದೊಡ್ಡಮ್ಮನ ಮನೆ. ಮಾರಿಹಬ್ಬಕ್ಕೆ ಗೋಡೆಗೆ ಕೆಮ್ಮಣ್ಣು ಸಾರಿಸಿ ಅದರ ಮೇಲೆ ಸುಣ್ಣದಲ್ಲಿ ಬೆರಳದ್ದಿ ಬರೆಯುತ್ತಿದ್ದಳು. ಬಳ್ಳಿ, ಚುಕ್ಕಿ ಎಲ್ಲ ಮನೆಗಳಲ್ಲೂ ಇರುತ್ತಿತ್ತು. ಅವಳ ಗೋಡೆಯಲ್ಲಿ ಮಾತ್ರ ತಮಟೆ ಹೊಡೆಯುವವನೊಬ್ಬ ಇರುತ್ತಿದ್ದ. ಮೈ ಎಲ್ಲ ಒಂದೇ ಬಳುಕು, ತಮಟೆ ಮೈಗಿಂತ ದೊಡ್ಡದು, ಕಾಲು ನೆಲ ಮುಟ್ಟಿಲ್ಲ. ನಾನು ಅದನ್ನು ಹಾಳೆಗೆ ಇಳಿಸಿಕೊಂಡು, ಹಿಂದೆ ನೀಲಿ ತುಂಬಿ, ಅಚ್ಚಿಗೆ ಕೊಟ್ಟೆ. ಪತ್ರಿಕೆ ಚೆನ್ನಾಗಿ ಬಂತು. ತುಂಬ ಜನ ಹೊಗಳಿದರು. ಒಳಪುಟದಲ್ಲಿ ಅಚ್ಚಾದದ್ದು: ‘ರಕ್ಷಾಪುಟ ವಿನ್ಯಾಸ’ ಅಂತ ನನ್ನ ಹೆಸರು; ಅದರ ಕೆಳಗೆ ‘ಚಿತ್ರ: ಜಾನಪದ ಚಿತ್ತಾರ.’ ಆ ಸಾಲನ್ನು ಬರೆದುಕೊಟ್ಟವನು ನಾನೇ. ನೀಲಿ ಸವಾರವನ್ನು ಆಗಲೇ ಎರಡು ಸಲ ಓದಿದ್ದವನು, ಸಣ್ಣಕ್ಷರದ ಬಗ್ಗೆ ಎರಡು ಕಡೆ ಭಾಷಣ ಮಾಡಿದ್ದವನು.

ದೊಡ್ಡಮ್ಮನಿಗೆ ಒಂದು ಪ್ರತಿ ಕೊಟ್ಟೆ. ಅವಳಿಗೆ ಓದು ಬಾರದು. ಪುಟವನ್ನು ಬಿಸಿಲಿಗೆ ಹಿಡಿದು ನೋಡಿದಳು.

“ಇದು ನಮ್ಮ ಗ್ವಾಡೇದಲ್ವೇನ್ಲಾ ಮಗ?”

“ಹೂಂ ದೊಡ್ಡಮ್ಮ.”

“ಇಲ್ಲಿ ಅಕ್ಸರ ಏನೈತೆ?”

ಪತ್ರಿಕೆಯ ಹೆಸರು ಎಂದೆ. ಒಳಗೆ? ಒಳಗೆ ನನ್ನ ಹೆಸರು ಎಂದೆ. ಅವಳು ಸಿಟ್ಟಾಗಲಿಲ್ಲ, ನಕ್ಕಳು. “ಬುಡು, ನಿನ್ನ ಹೆಸರಾದ್ರೂ ಬಂತಲ್ಲ.” ಆ ‘ಆದ್ರೂ’ ಎಂಬುದನ್ನು ನಾನು ಎಷ್ಟೋ ವರ್ಷ ಹೊತ್ತುಕೊಂಡು ತಿರುಗಿದ್ದೇನೆ.

ಆಮೇಲೆ ಆರ್.ಟಿ. ನಗರದಲ್ಲಿ ಕೆಲವರು ಕೂಡಿ ಕೇರಿಯ ಹೆಂಗಸರ ಗೋಡೆಚಿತ್ರಗಳ ಒಂದು ಸಣ್ಣ ಪ್ರದರ್ಶನ ಮಾಡೋಣ ಎಂದು ಹೊರಟೆವು. ಈ ಸಲ ತಪ್ಪು ಮಾಡಬಾರದು, ಪ್ರತಿಯೊಂದಕ್ಕೂ ಹೆಸರು ಹಾಕೋಣ ಅಂತ ನಾನೇ ಪಟ್ಟು ಹಿಡಿದೆ. ದೊಡ್ಡಮ್ಮನ ಬಳಿ ಹೋಗಿ ಕೇಳಿದೆ, ನಿನ್ನ ಪೂರ್ತಿ ಹೆಸರು ಹೇಳು, ದೊಡ್ಡ ಅಕ್ಷರದಲ್ಲಿ ಬರೆಯುತ್ತೇನೆ ಅಂತ.

“ಯಾವ ಹೆಸ್ರು ಬರೀತೀಯ?” ಎಂದಳು.

ರೇಷನ್ ಕಾರ್ಡಿನಲ್ಲಿ ಇರುವುದನ್ನು ಹೇಳಿದೆ.

“ಅದು ಶಾನುಭೋಗಪ್ಪ ಬರ್ಕಂಡಿದ್ದು. ಗೌಡ್ರ ಮನೇಲಿ ಸಗಣಿ ಬಾಚಕ್ಕೆ ಹೋಗ್ತಿದ್ನಲ್ಲ, ಅವ್ರು ಹಂಗೆ ಕೂಗೋರು. ನಮ್ಮವ್ವ ಇಟ್ಟಿದ್ದು ಬ್ಯಾರೆ. ಚಂದದ ಹೆಸ್ರು ಅಂತ ಆ ಗೌಡಮ್ಮ ಬೈದ್ಲಂತೆ, ಕೇರಿ ಕೂಸಿಗೆ ಅಂಥ ಹೆಸ್ರು ಯಾಕೆ ಅಂತ.”

ಅದನ್ನೇ ಹೇಳು, ಅದನ್ನೇ ಹಾಕೋಣ ಎಂದೆ. ಅವಳು ಎಲೆಅಡಿಕೆ ಚೀಲ ಬಿಚ್ಚಿ ಸುಣ್ಣ ಹುಡುಕಿದಳು. ಹೇಳಲಿಲ್ಲ. ಅದನ್ನು ಕರೆಯೋರು ಯಾರೂ ಉಳಿದಿಲ್ಲ, ನೀನು ಬೋರ್ಡಿನ ಮೇಲೆ ಬರೆದರೆ ಅದೂ ಕಂಡೋರ ಬಾಯಿಗೆ ಬೀಳ್ತದೆ, ಎಂದಳು. ರೇಷನ್ ಕಾರ್ಡಿನದನ್ನು ಬರೆಯಲೇ ಎಂದರೆ, ಬೇಡ ಎಂದಳು. ಪ್ರದರ್ಶನದಲ್ಲಿ ಅವಳ ಚಿತ್ರದ ಕೆಳಗೆ ಏನು ಬರೆಯುವುದು ಎಂದು ನಮ್ಮಲ್ಲಿ ರಾತ್ರಿಯೆಲ್ಲ ಚರ್ಚೆ ನಡೆಯಿತು. ಕೊನೆಗೆ ಅವಳ ಚಿತ್ರವನ್ನೇ ಇಡಲಿಲ್ಲ. ಅದು ಸರಿಯೋ ತಪ್ಪೋ ನನಗೆ ಇಂದಿಗೂ ಬಗೆಹರಿದಿಲ್ಲ. ಈ ಲೇಖನದಲ್ಲೂ ಅವಳ ಹೆಸರಿಲ್ಲದಿರುವುದಕ್ಕೆ ಕಾರಣ ಇಷ್ಟೇ.

ದೊಡ್ಡಮ್ಮ 1998ರಲ್ಲಿ ತೀರಿಕೊಂಡಳು. ಮನೆ ಇದ್ದ ಕಡೆ ಈಗ ಲೇಔಟಿನ ಅಡ್ಡರಸ್ತೆ ಇದೆ. 1986ರ ಆ ಸಂಚಿಕೆಯ ಎರಡು ಪ್ರತಿ ನನ್ನ ಹತ್ತಿರ ಉಳಿದಿವೆ. ಒಂದರ ಒಳಪುಟದಲ್ಲಿ ‘ಜಾನಪದ ಚಿತ್ತಾರ’ ಎಂಬುದನ್ನು ಪೆನ್ಸಿಲ್ಲಿನಿಂದ ಹೊಡೆದು ಹಾಕಿದ್ದೇನೆ. ಪಕ್ಕದಲ್ಲಿ ಏನೂ ಬರೆದಿಲ್ಲ.